ಮೂರಕ್ಷರಕ್ಕೆ ಐದು ಪ್ರಶ್ನೆ

ಪುಟ್ಟ ಪ್ರೋಗ್ರಾಮ್ ಬರೆದು ‘ಕನ್ನಡ’ ಅಂತ ತೋರಿಸು ಮಾರಾಯ ಅಂದೆ. ಕಪ್ಪು ಕನ್ಸೋಲು ‘?????’ ಅಂತ ನನ್ನನ್ನೇ ಕೇಳಿತು. ಮೂರಕ್ಷರಕ್ಕೆ ಐದು ಪ್ರಶ್ನೆ ಯಾಕೆ? ಯೂನಿಕೋಡ್ ಲೆಕ್ಕದಲ್ಲಿ ‘ನ್ನ’ ಒಂದಲ್ಲ. ನ, ಹಲಂತ, ಮತ್ತೊಂದು ನ. ಇಡೀ ಪದದ ಯುಟಿಎಫ್-8 ಬೈಟ್ ಎಣಿಸಿದರೆ 15!

ಕನ್ಸೋಲಿಗೆ ಯುಟಿಎಫ್-8 ಕಲಿಸುವ ‘ಕೋಡ್ ಪೇಜ್ 65001’ ಎಂಬ ಮಂತ್ರ ಹಾಕಿದೆ. ಪ್ರಶ್ನೆ ಹೋಗಿ ಖಾಲಿ ಡಬ್ಬಿಗಳು ಬಂದವು. ಫಾಂಟಿನಲ್ಲಿ ಕನ್ನಡವೇ ಇರಲಿಲ್ಲ. ಅದನ್ನೂ ಬದಲಿಸಿದೆ. ಅಕ್ಷರವೇನೋ ಬಂತು, ಒತ್ತು ಮಾತ್ರ ಕೆಳಗಿಳಿಯಲೊಲ್ಲದು. ಒಬ್ಬೊಬ್ಬರಿಗೆ ಒಂದೊಂದು ಚೌಕ ಎನ್ನುವ ಆ ಕನ್ಸೋಲಿನ ಮನೆಯಲ್ಲಿ, ಪಾಲಾದ ಅಣ್ಣತಮ್ಮಂದಿರಂತೆ ಎರಡು ನಕಾರ, ನಡುವೆ ಹಲಂತದ ಗೋಡೆ.

ಹೆಂಡತಿ ಇಣುಕಿದಳು. ‘ಇದೇನ್ರೀ ಕನ್‌ನಡ? ಒಂದನೇ ಕ್ಲಾಸಿನ ಮಗು ಸ್ಲೇಟಲ್ಲಿ ಇದಕ್ಕಿಂತ ಚೆನ್ನಾಗಿ ಬರೆಯುತ್ತೆ!’