ಅಲ್ಪಧನ ಸಂಕಲನಯಂತ್ರ ಮೀಮಾಂಸೆ

ವಿಡಿಯೊ ಸಂಕಲನಕ್ಕೆ ತಕ್ಕ ಕಂಪ್ಯೂಟರನ್ನು ಅಲ್ಪ ಹಣದಲ್ಲಿ ಆರಿಸಿಕೊಳ್ಳುವ ವಿದ್ಯೆಯು ಅರುವತ್ತನಾಲ್ಕು ವಿದ್ಯೆಗಳ ಪಟ್ಟಿಯಲ್ಲಿ ಸೇರದಿರುವುದನ್ನು ಪ್ರಾಚೀನರ ಅಲಕ್ಷ್ಯವೆಂದು ತಿಳಿಯಬಾರದು. ಅವರ ಕಾಲದಲ್ಲಿ ಮದುವೆಮನೆಯವರು ಮರುದಿನ ಬೆಳಿಗ್ಗೆಯೇ ‘ಹೈಲೈಟ್ಸ್ ಆಯಿತೇ’ ಎಂದು ಕೇಳುತ್ತಿರಲಿಲ್ಲ ಎಂಬುದೇ ಅದಕ್ಕೆ ಕಾರಣವಾಗಿರಬೇಕು. ಪ್ರಸ್ತುತ ಪ್ರಬಂಧದ ಕ್ಷೇತ್ರವು ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳಿಗೆ ಸೀಮಿತವಾಗಿದೆ. 2018ರಲ್ಲಿ ಬೈಂದೂರು ಕುಂದಾಪುರದಿಂದಲೂ ಬ್ರಹ್ಮಾವರ ಉಡುಪಿಯಿಂದಲೂ ಬೇರೆಯಾಗಿ ಸ್ವತಂತ್ರ ತಾಲ್ಲೂಕುಗಳಾದವಾದರೂ, ಭಾಷೆ, ಆಟ, ಉಪ್ಪುಗಾಳಿ ಮತ್ತು ಕರೆಂಟು ಹೋಗುವ ಹೊತ್ತು ಎಂಬ ನಾಲ್ಕು ವಿಷಯಗಳಲ್ಲಿ ಅವು ಇನ್ನೂ ವಿಭಜನೆಗೊಂಡಿಲ್ಲವಾದ್ದರಿಂದ ಮೂರನ್ನೂ ಒಂದೇ ಕ್ಷೇತ್ರವೆಂದು ಪರಿಗಣಿಸಲಾಗಿದೆ. ಇಲ್ಲಿ ‘ಆಟ’ವೆಂದರೆ ಯಕ್ಷಗಾನ, ಕ್ರಿಕೆಟ್ಟನ್ನು ಆಟವೆಂದು ಕರೆಯುವ ಆಧುನಿಕರ ಮತವನ್ನು ಈ ಪ್ರಬಂಧ ಅಂಗೀಕರಿಸುವುದಿಲ್ಲ.

ಮೊದಲಿಗೆ ‘ಬಜೆಟ್’ ಎಂಬ ಪದದ ನಿಷ್ಕರ್ಷೆಯಾಗಬೇಕು. ಅಂಗಡಿಯ ಮೆಟ್ಟಿಲು ಹತ್ತುವಾಗ ಗ್ರಾಹಕನ ಮನಸ್ಸಿನಲ್ಲಿರುವ ಮೊತ್ತಕ್ಕೆ ಬಜೆಟ್ ಎಂದು ಹೆಸರು. ಇಳಿಯುವಾಗ ಬಿಲ್ಲಿನಲ್ಲಿ ಕಾಣುವುದು ಬೇರೆಯೇ ಪದಾರ್ಥವಾಗಿದ್ದು, ಇವೆರಡರ ನಡುವಿನ ಅಂತರವನ್ನು ನಿರ್ಧರಿಸುವವನು ‘ಕಂಪ್ಯೂಟರ್ ಗೊತ್ತಿದೆ’ ಎಂದು ಜೊತೆಗೆ ಬಂದ ಭಾವನೆಂಟನೇ ಹೊರತು ಅಂಗಡಿಯವನಲ್ಲ. ಈ ಭಾವಂದಿರಲ್ಲಿ ಎರಡು ಪಂಥಗಳುಂಟು. ಲೆಕ್ಕಾಚಾರ ಮಾಡುವ ಮುಖ್ಯ ಚಿಪ್ಪಾದ ಪ್ರೊಸೆಸರಿನಲ್ಲಿ ಕೋರ್‌ಗಳು ಎಷ್ಟು ಹೆಚ್ಚಿದ್ದರೆ ಅಷ್ಟು ಪುಣ್ಯವೆನ್ನುವವರು ಕೋರ್‌ವಾದಿಗಳು. ಚಿತ್ರದ ಕೆಲಸಕ್ಕೆಂದೇ ಪ್ರತ್ಯೇಕವಾಗಿ ಕೂರಿಸುವ ಗ್ರಾಫಿಕ್ಸ್ ಕಾರ್ಡೇ ಸರ್ವಸ್ವವೆಂದು ನಂಬಿ, ಅದರಲ್ಲೂ ಮೂರು ಫ್ಯಾನಿದ್ದು ಬಣ್ಣದ ದೀಪ ಹೊತ್ತಿಕೊಳ್ಳುವ ಕಾರ್ಡನ್ನೇ ಬಯಸುವವರು ಕಾರ್ಡ್‌ವಾದಿಗಳು. ಒಡ್ಡೋಲಗದ ವೇಷದ ಕಿರೀಟವನ್ನು ನೋಡಿಯೇ ಆಟ ಚೆನ್ನಾಗಿದೆಯೆಂದು ತೀರ್ಮಾನಿಸಿ, ಭಾಗವತರಿಗೆ ಅಂದು ಕಂಠ ಕಟ್ಟಿದ್ದನ್ನು ಗಮನಿಸದವರು ಇದೇ ಪಂಥಕ್ಕೆ ಸೇರಿದವರು.

ಈ ವಿವಾದಕ್ಕೆ ಕುಂದಾಪುರದ ಭೂಗೋಳವೇ ಉತ್ತರ ಬರೆದಿಟ್ಟಿದೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಕೂಡಿ ಪಂಚಗಂಗಾವಳಿಯೆನಿಸಿ ಗಂಗೊಳ್ಳಿಯ ಬಳಿ ಒಂದೇ ಅಳಿವೆಯಿಂದ, ಅಂದರೆ ಹೊಳೆ ಕಡಲನ್ನು ಸೇರುವ ಬಾಯಿಯಿಂದ, ಹೊರಬೀಳುತ್ತವೆ. ಅಳಿವೆಯಲ್ಲಿ ಹೂಳು ತುಂಬಿದ್ದರೆ ವಾರಾಹಿಯಲ್ಲಿ ಎಷ್ಟು ನೀರಿದ್ದರೂ ಮೀನಿನ ಬೋಟು ಕಡಲಿಗಿಳಿಯುವುದಿಲ್ಲ. ಪ್ರೊಸೆಸರ್, ರ‍್ಯಾಮ್, ಕಾರ್ಡ್, ಡಿಸ್ಕ್ ಮತ್ತು ವಿದ್ಯುತ್ ಎಂಬ ಐದರಲ್ಲಿ ಯಾವುದರ ಬಾಯಿ ಕಿರಿದೋ ಅದರ ವೇಗವೇ ಇಡೀ ಯಂತ್ರದ ವೇಗವಾಗುವುದರಿಂದ, ಬಡವನಾದವನು ಹೊಳೆಯನ್ನು ಅಗಲಿಸಲು ಹೋಗದೆ ಅಳಿವೆಯನ್ನು ಹುಡುಕಿ ಹೂಳೆತ್ತಬೇಕು. ಇದನ್ನು ‘ಅಳಿವೆ ಸಿದ್ಧಾಂತ’ವೆಂದು ಕರೆಯಲಾಗಿದೆ, ಕರೆದವರು ಬೇರಾರೂ ಇಲ್ಲ.

ಅಳಿವೆ ಬಹುಮಟ್ಟಿಗೆ ಯಾರೂ ನೋಡದ ಕಡೆಯಲ್ಲೇ ಇರುತ್ತದೆ. 4ಕೆ ದೃಶ್ಯದ ಒಂದು ಚೌಕಟ್ಟಿನಲ್ಲಿ 3840 × 2160, ಎಂದರೆ 82,94,400 ಚುಕ್ಕೆಗಳಿದ್ದು, ಅಷ್ಟನ್ನೂ ಸೆಕೆಂಡಿಗೆ ಇಪ್ಪತ್ತೈದು ಬಾರಿ ಇದ್ದಂತೆಯೇ ಬರೆಯಲು ಯಾವ ಸಾಮಾನ್ಯ ಕ್ಯಾಮೆರಾಕ್ಕೂ ಸಾಧ್ಯವಿಲ್ಲದ ಕಾರಣ ಅದು ಕುಗ್ಗಿಸಿ ಬರೆಯುತ್ತದೆ. ಕುಗ್ಗಿಸುವ ಮತ್ತು ಮರಳಿ ಹಿಗ್ಗಿಸುವ ಈ ವಿಧಾನಕ್ಕೆ ಕೋಡೆಕ್ ಎಂದು ಹೆಸರು. 2003ರ ಎಚ್.264, 2013ರ ಎಚ್.265 ಇವುಗಳಲ್ಲಿ ಪ್ರಸಿದ್ಧವಾದವು. ಎರಡನೆಯದು ಅದೇ ಚಿತ್ರವನ್ನು ಮೊದಲನೆಯದರ ಅರ್ಧದಷ್ಟು ಜಾಗದಲ್ಲಿ ಹಿಡಿಸಬೇಕೆಂಬ ಗುರಿಯಿಂದ ಹುಟ್ಟಿತು. ಈ ತತ್ತ್ವವು ಕುಂದಾಪ್ರ ಕನ್ನಡಕ್ಕೆ ಬಹು ಹಿಂದೆಯೇ ತಿಳಿದಿತ್ತು. ಗ್ರಂಥಸ್ಥ ಕನ್ನಡದ ‘ಹೋಗುತ್ತೇನೆ’ ಎಂಬ ನಾಲ್ಕಕ್ಷರ ಇಲ್ಲಿ ‘ಹೋತೆ’ ಎಂದು ಎರಡಾಗುತ್ತದೆ, ‘ಬರುತ್ತೇನೆ’ ಎಂಬುದು ‘ಬತ್ತೆ’ ಎಂದು ಎರಡಾಗುತ್ತದೆ. ಕುಗ್ಗಿದ ಪ್ರಮಾಣ ಸರಿಯಾಗಿ ಅರ್ಧ. ಹೇಳುವವನಿಗೆ ಇದರಿಂದ ಉಸಿರು ಉಳಿಯುತ್ತದೆ, ಆದರೆ ಕುಗ್ಗಿಸಿದ ಶ್ರಮವೆಲ್ಲ ಕೇಳುವವನ ತಲೆಯ ಮೇಲೆ ಬೀಳುತ್ತದೆ. ಬೆಂಗಳೂರಿನಿಂದ ಬಂದ ಹೊಸ ಅಳಿಯ ‘ಆತಿಲ್ಲೆ’ ಎಂಬುದನ್ನು ಕೇಳಿ, ಬಿಡಿಸಿ, ‘ಆಗುವುದಿಲ್ಲ’ ಎಂದು ಜೋಡಿಸಿಕೊಳ್ಳುವಷ್ಟರಲ್ಲಿ ಮಾತು ಮೂರು ವಾಕ್ಯ ಮುಂದೆ ಹೋಗಿರುತ್ತದೆ. ಕೋಟೇಶ್ವರದ ಮಗುವಿಗೋ ಅದು ಯೋಚನೆಯಿಲ್ಲದೆ ತಿಳಿಯುತ್ತದೆ. ಪ್ರೊಸೆಸರಿನೊಳಗೆ ಕೋಡೆಕ್ ಬಿಡಿಸಲೆಂದೇ ಹುಟ್ಟಿದ ಇಂಥ ಕಿವಿಯೊಂದಿರುತ್ತದೆ. ಇಂಟೆಲ್‌ನವರು 2011ರಿಂದ ಅದನ್ನು ಕ್ವಿಕ್ ಸಿಂಕ್ ಎಂದು ಕರೆಯುತ್ತಿದ್ದಾರೆ. ಹೆಸರಿನ ಕೊನೆಗೆ ‘ಎಫ್’ ಅಕ್ಷರವಿರುವ ಪ್ರೊಸೆಸರುಗಳು ಕೊಂಚ ಅಗ್ಗವಾಗಿದ್ದು, ಒಳಗಿನ ಗ್ರಾಫಿಕ್ಸ್ ಭಾಗದೊಂದಿಗೆ ಈ ಕಿವಿಯನ್ನೂ ಕಳೆದುಕೊಂಡಿರುತ್ತವೆ. ಕಾರ್ಡಿಗೂ ಕಿವಿಯಿದೆಯಲ್ಲ ಎಂದು ಕಾರ್ಡ್‌ವಾದಿಗಳು ಆಕ್ಷೇಪಿಸುವುದುಂಟು. ಇದೆ, ಆದರೆ ಬಣ್ಣದ ವಿವರವನ್ನು ಹೆಚ್ಚಾಗಿ ಉಳಿಸಿಕೊಳ್ಳುವ 4:2:2 ಬಗೆಯ ಎಚ್.265 ಅನ್ನು 12ನೇ ಪೀಳಿಗೆಯ ಸಾಧಾರಣ ಐ5 ಪ್ರೊಸೆಸರೇ ಬಿಡಿಸಬಲ್ಲುದಾದರೆ, ಎನ್ವಿಡಿಯಾ ಕಾರ್ಡುಗಳಿಗೆ ಆ ಉಪಭಾಷೆ ತಿಳಿದದ್ದು 2025ರ 50ನೇ ಸರಣಿ ಬಂದ ಮೇಲೆ.

ಕೋಡೆಕ್ಕಿಗೆ ಇನ್ನೊಂದು ಗುಣವುಂಟು. ಅದು ಒಂದು ಚೌಕಟ್ಟನ್ನು ಪೂರ್ತಿ ಬರೆದು, ಮುಂದಿನವುಗಳಲ್ಲಿ ಬದಲಾದುದನ್ನು ಮಾತ್ರ ಬರೆಯುತ್ತದೆ. ತಾಳಮದ್ದಳೆಯ ಅರ್ಥಧಾರಿ ಕುಳಿತಲ್ಲೇ ಅರ್ಧ ಗಂಟೆ ವಾದಿಸುವಾಗ ಬದಲಾಗುವುದು ಬಾಯಿ ಮತ್ತು ಬಲಗೈ ಮಾತ್ರವಾದ್ದರಿಂದ ಯಂತ್ರಕ್ಕೆ ಸುಖ. ಬಡಗುತಿಟ್ಟಿನ ವೇಷವೊಂದು ಮಂಡಿ ತಿರುಗಲಾರಂಭಿಸಿದೊಡನೆ ಎಲ್ಲವೂ ಬದಲಾಗಿ ಅದಕ್ಕೆ ಬೆವರಿಳಿಯುತ್ತದೆ. ಸಂಕಲನಕಾರನು ನಡುವೆ ಎಲ್ಲೋ ಕ್ಲಿಕ್ಕಿಸಿದಾಗ ಯಂತ್ರವು ಹಿಂದಿನ ಪೂರ್ಣ ಚೌಕಟ್ಟಿನವರೆಗೆ ಓಡಿಹೋಗಿ ಅಲ್ಲಿಂದ ಓದಿಕೊಂಡು ಬರಬೇಕಾಗುತ್ತದೆ. ರಾತ್ರಿ ಎರಡಕ್ಕೆ ಆಟಕ್ಕೆ ಬಂದವನು ಪಕ್ಕದ ಕುರ್ಚಿಯವರನ್ನು ‘ಕತೆ ಎಲ್ಲಿಗೆ ಬಂತು’ ಎಂದು ಕೇಳಿ ತೊಂದರೆ ಕೊಡುವ ಪರಿಯೂ ಇದೇ.

ಇನ್ನು ಸಂಗ್ರಹ. ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಬರೆಯುವ ಕ್ಯಾಮೆರಾ ಗಂಟೆಗೆ 45 ಜಿಬಿ ತುಂಬುತ್ತದೆ. ಬೆಳಗಿನವರೆಗೆ ನಡೆಯುವ ಎಂಟು ಗಂಟೆಯ ಆಟಕ್ಕೆ 360 ಜಿಬಿ, ಮೂರು ಕ್ಯಾಮೆರಾವಾದರೆ 1,080 ಜಿಬಿ. ಒಂದು ಟಿಬಿಯ ಡಿಸ್ಕ್ ಸಾಕೆಂದು ಹೊರಟವನಿಗೆ ಮಂಗಳದ ಪದ್ಯ ಹಿಡಿಯುವುದಿಲ್ಲ. ಮಾರುವವನು ಸಾವಿರದ ಲೆಕ್ಕದಲ್ಲಿ ಅಳೆದು ಕೊಟ್ಟ ಟಿಬಿಯನ್ನು ವಿಂಡೋಸ್ 1,024ರ ಲೆಕ್ಕದಲ್ಲಿ ಅಳೆದು 931 ಎಂದು ತೋರಿಸುವುದೂ ಉಂಟು. ಒಂದೂರಿನ ಸೇರಿಗೂ ಇನ್ನೊಂದೂರಿನ ಸೇರಿಗೂ ಹೊಂದದೆ ಅಕ್ಕಿಮುಡಿಯ ಮೇಲೆ ಜಗಳವಾಡಿದ ನಾಡಿಗೆ ಇದು ಹೊಸತಲ್ಲ. ಮೂರು ಕ್ಯಾಮೆರಾಗಳ ದೃಶ್ಯ ಒಟ್ಟಿಗೆ ಓಡಲು ಬೇಕಾದದ್ದು ಸೆಕೆಂಡಿಗೆ 37.5 ಎಂಬಿ ಮಾತ್ರ. ಗಣಿತದ ಪ್ರಕಾರ 150 ಎಂಬಿ ಕೊಡುವ ಸಾಮಾನ್ಯ ಹಾರ್ಡ್ ಡಿಸ್ಕಿಗೂ ಇದು ಸಾಧ್ಯವಾದರೂ, ಅದರ ಓದುವ ಮುಳ್ಳು ಮೂರು ಕಡೆ ಜಿಗಿದಾಡಿ ದಣಿಯುವುದರಿಂದ ಸಂಕಲನಕ್ಕೆ ಚಲಿಸುವ ಭಾಗವಿಲ್ಲದ ಎಸ್‌ಎಸ್‌ಡಿ, ಮುಗಿದ ಮೇಲೆ ಇಟ್ಟುಕೊಳ್ಳಲು ಹಾರ್ಡ್ ಡಿಸ್ಕ್ ಎಂಬ ವ್ಯವಸ್ಥೆಯೇ ಶಾಸ್ತ್ರಸಮ್ಮತ. ಸೆಕೆಂಡಿಗೆ 7,000 ಎಂಬಿ ಎಂದು ಡಬ್ಬಿಯ ಮೇಲೆ ಬರೆದುಕೊಂಡ ಎಸ್‌ಎಸ್‌ಡಿ ಈ ಕೆಲಸಕ್ಕೆ ಅನವಶ್ಯಕ. ರ‍್ಯಾಮ್ ಕುರಿತು ಹೆಚ್ಚು ಹೇಳುವುದಿಲ್ಲ: 16 ಜಿಬಿ ಕನಿಷ್ಠ, ಅದೂ ಎಂಟರ ಎರಡು ಕಡ್ಡಿಗಳಾಗಿರಬೇಕು. ನೊಗಕ್ಕೆ ಒಂಟಿ ಕೋಣ ಕಟ್ಟಿ ವಂಡಾರು ಕಂಬಳಕ್ಕೆ ಯಾರೂ ಹೋಗುವುದಿಲ್ಲ.

ಪರದೆಯಲ್ಲಿ ಜಿಪುಣತನ ಸಲ್ಲದು. ಅಗ್ಗದ ಪರದೆಯಲ್ಲಿ ಬಣ್ಣದ ವೇಷದ ಕೆಂಪು ಕುಂಕುಮವೋ ಕೋಕಮ್ಮೋ ತಿಳಿಯದೆ ತಿದ್ದಿದ ವಿಡಿಯೊ, ಬೇರೆಯವರ ಮೊಬೈಲಿನಲ್ಲಿ ಮೂರನೆಯ ಬಣ್ಣ ತಾಳುತ್ತದೆ. ಇಷ್ಟೆಲ್ಲ ಶೋಧಿಸಿದ ಮೇಲೆ ಒಂದು ಅಪ್ರಿಯ ಸಂಗತಿಯನ್ನು ದಾಖಲಿಸದೆ ವಿಧಿಯಿಲ್ಲ: ಈ 82 ಲಕ್ಷ ಚುಕ್ಕೆಗಳ ಅಂತಿಮ ಸಹೃದಯನು ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲೆ ಮೊಬೈಲನ್ನು ನೀರಿನ ಲೋಟಕ್ಕೆ ಒರಗಿಸಿಟ್ಟು, ಚಿಲ್ಲರೆ ಎಣಿಸುತ್ತ, ಅಂಗೈಯಗಲದ ಪರದೆಯಲ್ಲಿ ಊರಿನ ಆಟ ನೋಡುವವನು.

ಇನ್ನೂ ಅಪ್ರಿಯವಾದುದು ಪ್ರಾಕ್ಸಿ ಪ್ರಕರಣ. ಮೂಲ ದೃಶ್ಯದ ಚಿಕ್ಕ, ಹಗುರ ಪ್ರತಿಯೊಂದನ್ನು ಮಾಡಿಕೊಂಡು ಕತ್ತರಿಸುವ ಕೆಲಸವನ್ನೆಲ್ಲ ಅದರ ಮೇಲೆ ನಡೆಸಿ, ಕೊನೆಗೆ ಮೂಲವನ್ನು ಅದರ ಜಾಗಕ್ಕೆ ತರುವುದಕ್ಕೆ ಪ್ರಾಕ್ಸಿ ಎನ್ನುತ್ತಾರೆ. ಮುಖ್ಯ ವೇಷಗಳು ಚೌಕಿಯಲ್ಲಿ ಮಲಗಿರುವಾಗ ಪೂರ್ವರಂಗವನ್ನು ಕೋಡಂಗಿ, ಬಾಲಗೋಪಾಲರು ಕುಣಿದು ತೀರಿಸುವಂತೆ. 3840 × 2160ರವರೆಗಿನ ದೃಶ್ಯವನ್ನು ಕೊಡಬಲ್ಲ ಡಾವಿಂಚಿ ರಿಸಾಲ್ವ್ ತಂತ್ರಾಂಶದ ಉಚಿತ ಆವೃತ್ತಿಯಲ್ಲೂ ಈ ಸೌಕರ್ಯವಿದೆ. ಇದರಿಂದ ಮನೆಯಲ್ಲಿರುವ ಹಳೆಯ ಯಂತ್ರವೇ ಬಹುಮಟ್ಟಿಗೆ ಸಾಲುವುದೆಂದೂ, ಬೇಕಾದದ್ದು ಹಣವಲ್ಲ, ಪ್ರತಿ ತಯಾರಾಗುವವರೆಗೆ ಊಟ ಮುಗಿಸಿ ಬರುವಷ್ಟು ತಾಳ್ಮೆಯೆಂದೂ ಸಿದ್ಧವಾಗುತ್ತದೆ. ಈ ಭಾಗವನ್ನು ಭಾವನ ಎದುರಿಗೆ ಓದಬಾರದು.

ಉಳಿದ ಹಣವನ್ನು ಐದನೆಯ ಹೊಳೆಗೆ, ಎಂದರೆ ವಿದ್ಯುತ್ತಿಗೆ ಹರಿಸಬೇಕು. ಕಂಪ್ಯೂಟರಿನೊಳಗೆ ವಿದ್ಯುತ್ ಹಂಚುವ ಎಸ್‌ಎಂಪಿಎಸ್ ಡಬ್ಬಿ ಹೆಸರುಳ್ಳದ್ದಾಗಿರಬೇಕು. ಯುಪಿಎಸ್ ಇರಲೇಬೇಕು, ಅದು ಕೊಡುವ ಹತ್ತು ನಿಮಿಷ ಕೆಲಸ ಮುಂದುವರಿಸಲಿಕ್ಕಲ್ಲ, ಉಳಿಸಿ ಮುಚ್ಚಲಿಕ್ಕೆ. ಮರವಂತೆಯಂತೆ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ಇರುವಲ್ಲಿ ಉಪ್ಪುಗಾಳಿಗೆ ಕ್ಯಾಬಿನೆಟ್ಟಿನ ತಿರುಪುಗಳೇ ಮೊದಲು ತುಕ್ಕು ಹಿಡಿಯುತ್ತವೆ. ಮಳೆಗಾಲದಲ್ಲಿ ಆಟವಿಲ್ಲವೆಂದು ಯಂತ್ರವನ್ನು ಮುಚ್ಚಿಟ್ಟರೆ ಒಳಗೆ ತೇವವೂ ಹಲ್ಲಿಯೂ ವಾಸ ಹೂಡುವುದರಿಂದ ವಾರಕ್ಕೆರಡು ಬಾರಿಯಾದರೂ ಅದನ್ನು ಚಾಲೂ ಮಾಡಬೇಕು. ಹಳೆಯ ಹೆಂಚಿನ ಮನೆಗಳಲ್ಲಿ ಪ್ಲಗ್ಗಿನ ಮೂರನೆಯ ತೂತು ಅನೇಕ ಕಡೆ ಶೋಭೆಗೆ ಮಾತ್ರವಿದ್ದು ಅದರ ತಂತಿ ನೆಲವನ್ನು ಮುಟ್ಟಿರುವುದಿಲ್ಲ. ಆದ್ದರಿಂದ ಓದುಗರು ಕಾರ್ಡಿನ ಮಾತೆತ್ತುವ ಮೊದಲು ಊರಿನ ಎಲೆಕ್ಟ್ರಿಷಿಯನ್ನನನ್ನು ಕರೆಸಿ ಅರ್ತಿಂಗ್ ನೋಡಿಸಿಕೊಳ್ಳಬೇಕಾಗಿ ವಿನಂತಿ. ಸಿಡಿಲಿನ ತಿಂಗಳು ಬರುವ ಮೊದಲೇ ಆದರೆ ಒಳ್ಳೆಯದು.