ಮಾನ್ಯ ಇಂಗಾಲದ ಡೈಆಕ್ಸೈಡ್ ಸಾಹೇಬರಿಗೊಂದು ಬಹಿರಂಗ ಪತ್ರ

ಸಾಹೇಬರಿಗೆ ಕಲಬುರಗಿಯ ತೊಗರಿ ಹೊಲದಿಂದ ಶರಣು ಶರಣಾರ್ಥಿ.

ನಾವಿಲ್ಲಿ ಕ್ಷೇಮ ಎಂದು ಬರೆಯುವುದು ಪದ್ಧತಿ. ಬರೆದಿದ್ದೇನೆ ಎಂದೇ ತಿಳಿದುಕೊಳ್ಳಿ. ತಮ್ಮ ಕ್ಷೇಮವನ್ನಂತೂ ಕೇಳಬೇಕಾಗಿಯೇ ಇಲ್ಲ. ಕಾರ್ಖಾನೆಗಳ ಕಾಲಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 280ರಷ್ಟಿದ್ದ ತಾವು ಈಗ 420 ದಾಟಿದ್ದೀರಿ. ನನ್ನ ಇಳುವರಿಯೂ ಹೀಗೆ ಒಂದೂವರೆ ಪಟ್ಟಾಗಿದ್ದರೆ ಸೊಸೈಟಿ ಸಾಲ ತೀರುತ್ತಿತ್ತು. ನಮ್ಮ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇಂಥ ಊರಿನದೇ ಎಂಬ ಗುರುತು, ಸಿಕ್ಕಿದೆ. ತಮಗೆ ಅದರ ಹಂಗಿಲ್ಲ. ಯಾರ ಚಿಮಣಿಯಲ್ಲಿ ಹುಟ್ಟಿದರೂ ಎಲ್ಲರ ಹೊಲಕ್ಕೂ ಬರುತ್ತೀರಿ.

ತಾವು ಬರುವುದು ಬೆಳೆಗೆ ಊಟ ಬಡಿಸಲು ಎಂದು ತಮ್ಮ ವಕೀಲರು ಹೇಳುತ್ತಾರೆ. ಸುಳ್ಳೇನಲ್ಲ. ತಾವು ಹೆಚ್ಚಿದ್ದರೆ ತೊಗರಿಯಂಥ ಗಿಡ ಹೆಚ್ಚು ಸಕ್ಕರೆ ಮಾಡಿಕೊಳ್ಳುತ್ತದೆ, ಎಲೆಯ ರಂಧ್ರಗಳನ್ನು ಅರೆಮುಚ್ಚಿ ನೀರನ್ನೂ ಉಳಿಸುತ್ತದೆ. ದ್ವಿದಳ ಧಾನ್ಯಕ್ಕೆ ಇನ್ನೂ ಒಂದು ಅನುಕೂಲ: ಮಿಕ್ಕ ಸಕ್ಕರೆಯನ್ನು ಬೇರುಗಂಟಿನ ರೈಜೋಬಿಯಂ ಬ್ಯಾಕ್ಟೀರಿಯಾಕ್ಕೆ ಉಣಿಸಿದರೆ ಅದು ಗಾಳಿಯ ಸಾರಜನಕವನ್ನೇ ಗೊಬ್ಬರ ಮಾಡಿಕೊಡುತ್ತದೆ. ಇಷ್ಟು ಉಪಕಾರಕ್ಕೆ ತಮಗೊಂದು ಶಾಲು ಹೊದಿಸಬೇಕೆಂದೇ ಇದ್ದೆ.

ಅಷ್ಟರಲ್ಲಿ 2023 ಬಂತು. ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಎರೆಭೂಮಿ ಕೈ ತೂರುವಷ್ಟು ಬಿರುಕು ಬಿಟ್ಟಿತು. ಒಂದು ಗಿಡ ಕಿತ್ತು ನೋಡಿದೆ. ಮಳೆ ಚೆನ್ನಾದ ವರ್ಷ ಬೇರುಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು ಇರುತ್ತದೆ. ಸಾರಜನಕದ ಕೆಲಸ ನಡೆದಿದೆ ಎಂಬುದಕ್ಕೆ ಅದೇ ಗುರುತು. ಆ ಸಲ ಸಿಕ್ಕಿದ್ದು ಬೆರಳಲ್ಲೇ ಪುಡಿಯಾಗುವ ಕಂದು ಗಂಟು. ತೊಗರಿಯ ತಾಯಿಬೇರು ನೀರು ಹುಡುಕಿಕೊಂಡು ಆಳಕ್ಕಿಳಿಯುತ್ತದೆ. ಗಂಟುಗಳು ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ಇರುತ್ತವೆ, ಮೊದಲು ಒಣಗುವುದೂ ಆ ಮಣ್ಣೇ. ಗಿಡ ಇನ್ನೂ ಹಸಿರಾಗಿರುವಾಗಲೇ ಗೊಬ್ಬರದ ಕಾರ್ಖಾನೆಗೆ ಬೀಗ ಬಿದ್ದಿತ್ತು. ತಾವೋ ತಟ್ಟೆ ಹಿಡಿದು ಎಲೆಯ ಬಾಗಿಲಲ್ಲಿ ನಿಂತೇ ಇದ್ದಿರಿ. ನೀರಿಲ್ಲದ ಎಲೆ ಬಾಗಿಲು ತೆರೆಯಲಿಲ್ಲ. ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಬೇಳೆಕಾಳಿನ ಗಿಡಕ್ಕೇ ಒದಗಿ ಬಂದಿತ್ತು.

ಇದು ಒಣಬೇಸಾಯದವನ ಗೊಣಗಾಟ ಅನ್ನಬೇಡಿ. ಅಮೆರಿಕದ ಇಲಿನಾಯ್‌ನಲ್ಲಿ ಬಯಲು ಹೊಲದ ಸೋಯಾಬೀನ್ ಮೇಲೆ ಕೊಳವೆಯಿಂದ ತಮ್ಮನ್ನೇ ಊದಿ ಎಂಟು ವರ್ಷ ನೋಡಿದರು. 2016ರಲ್ಲಿ ಫಲಿತಾಂಶ ಹೊರಬಿತ್ತು: ಬರ ಬಿಗಿಯಾದಷ್ಟೂ ತಮ್ಮಿಂದಾದ ಲಾಭ ಕರಗುತ್ತಾ ಹೋಗಿ ಸೊನ್ನೆ ಮುಟ್ಟಿತು. ತಮ್ಮ ಊಟ ಉಂಡು ಎಲೆ ಹೆಚ್ಚಿಸಿಕೊಂಡ ಗಿಡಕ್ಕೆ ನೀರೂ ಹೆಚ್ಚೇ ಬೇಕಾಯಿತು. ಉಳಿಯುತ್ತದೆ ಎಂದುಕೊಂಡಿದ್ದ ನೀರು ಉಳಿಯಲಿಲ್ಲ.

ಕಾಳು ಕೈಗೆ ಬಂದರೂ ತಮ್ಮ ಕಮಿಷನ್ ತಪ್ಪುವುದಿಲ್ಲ. ತಮ್ಮ ಪ್ರಮಾಣವನ್ನು 550ರ ಆಸುಪಾಸಿಗೆ ಏರಿಸಿ ಬೆಳೆದ ಬಟಾಣಿ, ಸೋಯಾಬೀನ್ ಕಾಳುಗಳಲ್ಲಿ ಸತು, ಕಬ್ಬಿಣ ಕಡಿಮೆಯಾಗಿದ್ದವು ಎಂದು 2014ರಲ್ಲೇ ವಿಜ್ಞಾನಿಗಳು ಬರೆದಿದ್ದಾರೆ. ಕೊಳಗ ಅದೇ, ಒಳಗಿನ ಸತ್ವ ಮಾತ್ರ ಕಡಿಮೆ. ಹೀಗೆ ಅಳೆದು ಕೊಟ್ಟರೆ ನಮ್ಮ ಸಂತೆಯಲ್ಲಿ ಜಗಳವೇ ಆಗುತ್ತದೆ.

ಭೂಮಿಯ ಬಿಸಿ ಏರಿಸಿ ಮಣ್ಣಿನ ತೇವ ಆರಿಸುವವರೂ ತಾವೇ, ಆಮೇಲೆ ಊಟಕ್ಕೆ ಕರೆಯುವವರೂ ತಾವೇ. ತಮ್ಮ ವಕೀಲರಿಗೆ ಒಂದು ಮಾತು ತಲುಪಿಸಿ: ತಮ್ಮನ್ನು ಗೊಬ್ಬರ ಎಂದು ಹೊಗಳುವ ಮುಂಚೆ ಬರದ ವರ್ಷ ನಮ್ಮ ಹೊಲಕ್ಕೆ ಬರಲಿ, ಒಂದು ಬೇರುಗಂಟು ಸೀಳಿ ನೋಡಲಿ.

ಇಂತಿ ತಮ್ಮ ಫಲಾನುಭವಿ,
ಒಬ್ಬ ತೊಗರಿ ಬೆಳೆಗಾರ