ಲಂಡನ್ನಿನಲ್ಲಿ ಬೇಯದ ಬೇಳೆ

ಲಂಡನ್ನಿನ ಕನ್ನಡಿಗರ ಮನೆಯಲ್ಲಿ ಏನೇ ಕೆಟ್ಟರೂ ಅಪರಾಧಿ ಒಬ್ಬನೇ: ಅಡುಗೆಮನೆಯ ನಲ್ಲಿ. ಸಾರು ರುಚಿಗೆಟ್ಟರೆ ನೀರು ಸರಿಯಿಲ್ಲ. ಡಿಕಾಕ್ಷನ್ ಕೈಕೊಟ್ಟರೆ ನೀರು ಸರಿಯಿಲ್ಲ. ಮೊಮ್ಮಗ ಗಣಿತದಲ್ಲಿ ಹಿಂದೆ ಬಿದ್ದರೂ ಅಜ್ಜಿಯಂದಿರು ಒಮ್ಮೆ ನಲ್ಲಿಯ ಕಡೆಗೆ ಅನುಮಾನದಿಂದ ನೋಡುತ್ತಾರೆ.

ಆರೋಪ ಪೂರ್ತಿ ಸುಳ್ಳೇನಲ್ಲ. ಥೇಮ್ಸ್ ಮತ್ತು ಲೀ ನದಿಗಳು ಸುಣ್ಣಕಲ್ಲಿನ ನಾಡಿನಲ್ಲಿ ಹರಿದು ಬರುತ್ತವೆ. ಅಂತರ್ಜಲವೂ ಅದೇ ಕಲ್ಲಿನ ಸಂದಿಯದು. ಲೀಟರಿಗೆ 200 ಮಿಲಿಗ್ರಾಂ ಸುಣ್ಣದಂಶ ದಾಟಿದರೆ ಗಡಸು ನೀರು ಎಂಬುದು ಇಲ್ಲಿಯ ಲೆಕ್ಕ. ಲಂಡನ್ನಿನ ಬಹುಪಾಲು ನಲ್ಲಿಗಳು ಅದನ್ನು ಸಲೀಸಾಗಿ ದಾಟುತ್ತವೆ. ಸುಣ್ಣ ನಲ್ಲಿಯಲ್ಲೇ ಬರುತ್ತದೆ, ಎಲೆ ಅಡಿಕೆ ಮಾತ್ರ ನಾವು ತರಬೇಕು.

ಮೈಸೂರಿನಿಂದ ಆರು ತಿಂಗಳ ವೀಸಾದ ಮೇಲೆ ಬಂದ ನಮ್ಮ ಅತ್ತೆ, ಬಂದ ಮರುದಿನವೇ ಕೆಟಲ್ ಮುಚ್ಚಳ ತೆಗೆದು ಒಳಗೆ ಇಣುಕಿದರು.

“ಅಳಿಯಂದ್ರೇ, ಇದಕ್ಯಾಕೆ ಸುಣ್ಣ ಹೊಡೆಸಿದೀರಿ? ಗೃಹಪ್ರವೇಶ ಇತ್ತಾ?”

ನೀರಿನಲ್ಲಿ ಕರಗಿದ್ದ ಬೈಕಾರ್ಬೊನೇಟು ಕುದಿಯುವಾಗ ಕರಗದ ಕಾರ್ಬೊನೇಟಾಗಿ ತಳ ಹಿಡಿಯುತ್ತದೆ ಎಂದು ನಾನು ಪಾಠ ಶುರುಮಾಡಿದೆ. ಅಷ್ಟರಲ್ಲಿ ಅವರು ಹುಣಸೆಹಣ್ಣು ಕಿವುಚಿ ಕೆಟಲ್‌ಗೆ ಸುರಿದು ಆಗಿತ್ತು. ಹುಳಿಗೆ ಸುಣ್ಣ ಕರಗುತ್ತದೆ ಎಂಬ ರಸಾಯನಶಾಸ್ತ್ರ ಅವರಿಗೆ ಸ್ನಾನದ ಹಂಡೆ ಉಜ್ಜಿಯೇ ಬಂದಿತ್ತು. ಆಮೇಲೆ ಕೆಲವು ದಿನ ನಮ್ಮ ಮನೆಯ ಟೀಗೆ ತಿಳಿಸಾರಿನ ಪರಿಮಳ ಬರುತ್ತಿತ್ತು, ಅದು ಬೇರೆ ವಿಷಯ.

ಹಾಲಿಲ್ಲದ ಟೀಯ ಮೇಲೆ ಎಣ್ಣೆಯಂಥ ಪೊರೆ ಕಟ್ಟುವುದೂ ಈ ಸುಣ್ಣದ್ದೇ ಕರಾಮತ್ತು. ಅದಕ್ಕೆಂದೇ ಯಾರ್ಕ್‌ಷೈರ್ ಟೀಯವರು ಗಡಸು ನೀರಿಗೆ ಬೇರೆಯೇ ಟೀಪುಡಿ ಮಾರುತ್ತಾರೆ. “ನೀರು ಸರಿ ಮಾಡೋದು ಬಿಟ್ಟು ಟೀಪುಡಿ ಬದಲಾಯಿಸ್ತಾರಲ್ಲ! ಇಂಥವರು ನಮ್ಮನ್ನ ಇನ್ನೂರು ವರ್ಷ ಆಳಿದ್ರಾ?” ಎಂದರು ಅತ್ತೆ.

ನಿಜವಾದ ಯುದ್ಧ ನಡೆದದ್ದು ತೊಗರಿಬೇಳೆಯ ಮೇಲೆ. ಕುಕ್ಕರ್ ಎಷ್ಟು ಕೂಗಿದರೂ ಬೇಳೆ ಬೇಳೆಯಾಗಿಯೇ ಉಳಿಯಿತು. ನಿನ್ನ ಬೇಳೆ ಅಲ್ಲಿ ಬೇಯೋಲ್ಲ ಎಂದು ನಾನು ಊರು ಬಿಡುವಾಗ ಹೇಳಿದ್ದ ನೆಂಟರೆಲ್ಲ ಇದನ್ನು ಅರಿತೇ ಹೇಳಿದ್ದರೋ ಏನೋ. ನೀರಿನ ಕ್ಯಾಲ್ಸಿಯಂ ಬೇಳೆಯ ಪೆಕ್ಟಿನ್ನನ್ನು ಬಿಗಿಹಿಡಿಯುತ್ತದೆ. ಅದು ಮೆತ್ತಗಾಗಲು ತಡ. ಮೊದಲೇ ನೆನೆಹಾಕಿ ಚಿಟಿಕೆ ಅಡುಗೆ ಸೋಡಾ ಹಾಕಿದರೆ ದಾರಿಗೆ ಬರುತ್ತದೆ. ಅಂಗಡಿಯವನು ಕೊಟ್ಟದ್ದು ಹಳೇ ಬೇಳೆಯಾಗಿದ್ದರೆ ಸೋಡಾ ಏನು, ಥೇಮ್ಸ್ ನದಿಯೇ ಬದಲಾದರೂ ಬೇಯುವುದಿಲ್ಲ.

ಈ ಕದನಕ್ಕೆ ತುಪ್ಪ ಸುರಿಯುವವನು ಗ್ಲಾಸ್ಗೋದಲ್ಲಿರುವ ನನ್ನ ಷಡ್ಡಕ. ಅವನ ನಲ್ಲಿಗೆ ಬರುವುದು ಲಾಕ್ ಕ್ಯಾಟ್ರಿನ್ ಎಂಬ ಬೆಟ್ಟದ ಸರೋವರದ ನೀರು, ಬಲು ಮೆದು. 1859ರಲ್ಲಿ ಆ ಯೋಜನೆಯನ್ನು ವಿಕ್ಟೋರಿಯಾ ರಾಣಿಯೇ ಬಂದು ಉದ್ಘಾಟಿಸಿದಳು. ಷಡ್ಡಕ ಅದನ್ನು ತನಗೇ ಕೊಟ್ಟ ಉಡುಗೊರೆ ಎಂಬಂತೆ ಹೇಳುತ್ತಾನೆ: “ನಮ್ಮಲ್ಲಿ ಕೆಟಲ್ ತೊಳೆಯೋದೇ ಬೇಡ, ಅತ್ತೆ. ಬೇಳೆ ಬೆಣ್ಣೆ.” ಅತ್ತೆ ಅಲ್ಲಿಗೂ ಹೋಗಿ ಬಂದರು. ಇಲ್ಲಿ ಸೋಪಿನಲ್ಲಿ ನೊರೆಯೇ ಬರುವುದಿಲ್ಲ ಎನ್ನುತ್ತಿದ್ದವರು, “ಅಲ್ಲಿ ಎಷ್ಟು ಹುಯ್ಕೊಂಡ್ರೂ ಸೋಪು ಮೈ ಬಿಟ್ಟು ಹೋಗಲ್ಲ. ನೀರಿಗೆ ರುಚೀನೂ ಇಲ್ಲ, ಸಪ್ಪೆ” ಎಂದರು. ನನಗೆ ಒಳಗೊಳಗೇ ಸಂತೋಷವಾಯಿತು.

ಮೈಸೂರಿನ ಅತ್ತೆ ಕಾವೇರಿಯ ಹೆಸರು ಹೇಳಿದರೆ ಒಪ್ಪೋಣ. ಆದರೆ ಯುಗಾದಿ ಊಟದ ಸಾಲಿನಲ್ಲಿ ಕೂತ ಬೆಂಗಳೂರಿನವರೆಲ್ಲ “ನಾವು ಕಾವೇರಿ ನೀರು ಕುಡಿದು ಬೆಳೆದವರು” ಎನ್ನುವುದನ್ನು ಕೇಳಬೇಕು. ಕಾವೇರಿ ಬೆಂಗಳೂರಿಗೆ ಬಂದದ್ದೇ 1974ರಲ್ಲಿ. ಇವರ ಬಡಾವಣೆಗಳಿಗೆ ಎಷ್ಟೋ ವರ್ಷ ಬಂದದ್ದು ಬೋರ್ ನೀರು ಮತ್ತು ಟ್ಯಾಂಕರ್. ಬಾಡಿಗೆ ಮನೆ ನೋಡುವಾಗ “ಕಾವೇರಿನಾ, ಬೋರಾ?” ಎಂದು ಕೇಳಿ, ಬೋರ್ ಎಂದರೂ ಒಪ್ಪಿಕೊಂಡವರೇ ಇವರು. ಪಕ್ಕದಲ್ಲಿ ಕೂತಿದ್ದ ಕೋಲಾರದ ಗೆಳೆಯನೂ ತಲೆಯಾಡಿಸಿದ! ಅವನ ಊರಿಗೆ ಗತಿಯಾಗಿದ್ದದ್ದು ನೂರಾರು ಅಡಿ ಕೊರೆದು ತೆಗೆದ ನೀರು. ಭಾರತದ ಮಾನಕ ಸಂಸ್ಥೆಯೇ ಗಡಸುತನ 200 ಇರಲಿ, ಬೇರೆ ನೀರಿಲ್ಲದ ಕಡೆ 600ರವರೆಗೂ ನಡೆಯಲಿ ಎಂದಿದೆ. ಊರಿನಲ್ಲಿ ಅದನ್ನು ತಕರಾರಿಲ್ಲದೆ ಕುಡಿದವರು ಇಲ್ಲಿ ಅದರ ಅರ್ಧಕ್ಕೇ ಮೂಗು ಮುರಿಯುತ್ತಾರೆ. ಬ್ರಿಟಿಷ್ ವೀಸಾ ಕೈಗೆ ಸಿಕ್ಕಿದ ಕೂಡಲೇ ಕನ್ನಡಿಗರೆಲ್ಲ ತಲಕಾವೇರಿಯಲ್ಲಿ ಹುಟ್ಟಿದವರಾಗುತ್ತಾರೆ.

ದುಡ್ಡಿದ್ದವರು ನೀರು ಮೆದು ಮಾಡುವ ಯಂತ್ರ ಕೂರಿಸುತ್ತಾರೆ. ಅದು ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಸೋಡಿಯಂ ಬಿಡುತ್ತದೆ. ಆದ್ದರಿಂದ ಕುಡಿಯುವ ನಲ್ಲಿಯನ್ನು ಅದರಿಂದ ಹೊರಗಿಡುತ್ತಾರೆ. ಅಂದರೆ ಸಾವಿರಾರು ಪೌಂಡು ಸುರಿದು, ಮೂಟೆಗಟ್ಟಲೆ ಉಪ್ಪು ಹೊತ್ತು, ಕೊನೆಗೆ ಕುಡಿಯುವುದು ಅದೇ ಗಡಸು ನೀರು.

ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ಕಾರಣಕ್ಕೆಂದು ಯಾವ ಮಿತಿಯನ್ನೂ ಹಾಕಿಲ್ಲ. ಆದ್ದರಿಂದ ಬಂಧುಗಳೇ, ಬೇಳೆಯನ್ನು ನೆನೆಹಾಕಿ, ಕೆಟಲ್‌ಗೆ ನಿಂಬೆರಸ ಹಿಂಡಿ, ನಲ್ಲಿಯ ನೀರನ್ನು ನೆಮ್ಮದಿಯಾಗಿ ಕುಡಿಯಿರಿ. ಕೂದಲು ಉದುರುತ್ತಿದೆ ಎಂದು ಮಾತ್ರ ನೀರನ್ನು ಬೈಯಬೇಡಿ. ಅದಕ್ಕೆ ಮೊದಲು ಆಲ್ಬಮ್ ತೆಗೆದು ನಿಮ್ಮ ಸೋದರಮಾವನ ತಲೆ ನೋಡಿಕೊಳ್ಳಿ.